ಅಟ್ಟದ ಮೇಲಿನ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು

ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನ ಕ್ಯಾಸೆಟ್‌ಗಳಿಗೆ ಇಷ್ಟೆಲ್ಲ ಒದ್ದಾಡಬೇಡಿ, ಹೆಚ್ಚಿನವು ಯೂಟ್ಯೂಬಲ್ಲೇ ಸಿಗುತ್ತವೆ. ನಾನು ಹೇಳಹೊರಟದ್ದು ಮನೆಯಲ್ಲೇ ರೆಕಾರ್ಡ್ ಮಾಡಿದವುಗಳ ಬಗ್ಗೆ. ಅಜ್ಜಿಯ ಹಸೆ ಹಾಡು, ಜಗಲಿಯಲ್ಲಿ ನಡೆದ ತಾಳಮದ್ದಳೆ, ಗಲ್ಫಿನಿಂದ ಮಾವ ಕಾಗದದ ಬದಲು ಮಾತಾಡಿ ಕಳಿಸುತ್ತಿದ್ದ ಕ್ಯಾಸೆಟ್ಟು. ಇವಕ್ಕೆ ಜಗತ್ತಿನಲ್ಲಿ ಇನ್ನೊಂದು ಕಾಪಿ ಇಲ್ಲ.

ಪ್ಲೇ ಒತ್ತುವ ಮೊದಲೇ ಕ್ಯಾಸೆಟ್ಟಿನ ಬೆನ್ನಿನ ಎರಡು ತುದಿಯಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಅವಿಲ್ಲದಿದ್ದರೆ ರೆಕಾರ್ಡ್ ಗುಂಡಿ ಕೆಳಗೆ ಹೋಗುವುದೇ ಇಲ್ಲ. ನಾನು ಮುರಿಯದೆ ಶುರು ಮಾಡಿದ್ದೆ, ಪ್ಲೇ ಜೊತೆಗೆ ಪಕ್ಕದ ಕೆಂಪು ಗುಂಡಿಯೂ ಅಮುಕಿಹೋಯಿತು. ಈಗ ಅಜ್ಜಿಯ ಹಾಡಿನ ಮಧ್ಯೆ ನಾಲ್ಕು ಸೆಕೆಂಡು ಏನೂ ಇಲ್ಲ.

ಆಮೇಲೆ ಕ್ಯಾಸೆಟ್ಟಿನ ಸ್ಥಿತಿ ನೋಡಿ. ಮಲೆನಾಡು, ಕರಾವಳಿ ಕಡೆಯ ಮನೆಗಳಲ್ಲಿ ರೀಲಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ, ಕಿಟಕಿಯಿಂದಲೇ ಕಾಣುತ್ತದೆ. ಅಂಥದ್ದನ್ನು ಸುಮ್ನೆ ಹಾಕಿ ಓಡಿಸಿದರೆ ಪ್ಲೇಯರಿನೊಳಗೆ ರೀಲನ್ನು ಓದುವ ಹೆಡ್ಡಿಗೂ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ, ಹಾಗಾಗಿ ಬೇರೆ ಇಡಿ. ಬಿಸಿಲಿಗೆ ಒಣಗಿಸಬೇಡಿ. ಚೆನ್ನಾಗಿರುವ ಕ್ಯಾಸೆಟ್ಟನ್ನು ಒಮ್ಮೆ ಕೊನೆವರೆಗೆ ಫಾರ್ವರ್ಡ್ ಮಾಡಿ, ಮತ್ತೆ ರಿವೈಂಡ್ ಮಾಡಿ. ವರ್ಷಗಟ್ಟಲೆ ಬಿಗಿಯಾಗಿ ಕೂತ ರೀಲು ಸ್ವಲ್ಪ ಸಡಿಲವಾಗಿ ಸರಾಗ ಓಡುತ್ತದೆ. ರೀಲು ತುಂಡಾಗಿದ್ದರೆ ಮಾಮೂಲಿ ಸೆಲೋಟೇಪ್ ಹಚ್ಚಬೇಡಿ, ಅದರ ಗೋಂದು ಹೊರಗೆ ಬಂದು ಪಕ್ಕದ ಸುತ್ತಿಗೆಲ್ಲ ಅಂಟುತ್ತದೆ. ಅದಕ್ಕೆಂದೇ ಸ್ಪ್ಲೈಸಿಂಗ್ ಟೇಪ್ ಬರುತ್ತದೆ. ಮಧ್ಯದಲ್ಲಿರುವ ಫೆಲ್ಟಿನ ಪುಟ್ಟ ಮೆತ್ತೆ ಉದುರಿಹೋಗಿದ್ದರೆ ಸದ್ದು ಮಂಕಾಗಿ ಏರಿಳಿಯುತ್ತದೆ. ಸ್ಕ್ರೂ ಇರುವ ಬೇರೆ ಬೇಡವಾದ ಕ್ಯಾಸೆಟ್ ಬಿಚ್ಚಿ, ಅದರ ಡಬ್ಬಿಗೆ ನಿಮ್ಮ ರೀಲನ್ನು ವರ್ಗಾಯಿಸಿ.

ಇನ್ನು ಪ್ಲೇಯರ್. ಯುಎಸ್‌ಬಿ ಬಾಲ ಇರುವ ಅಗ್ಗದ ಕ್ಯಾಸೆಟ್ ಕನ್ವರ್ಟರ್ ತಗೋಬೇಡಿ, ನನಗೆ ಸಿಕ್ಕಿದ್ದರಲ್ಲಿ ಶ್ರುತಿ ಪೆಟ್ಟಿಗೆ ಹಡಗಿನ ಮೇಲೆ ಕೂತ ಹಾಗೆ ತೇಲುತ್ತಿತ್ತು. ಯಾರದಾದರೂ ಮನೆಯಲ್ಲಿರುವ ಹಳೇ ಡೆಕ್ ಅಥವಾ ಟೂ ಇನ್ ಒನ್ ತಂದು, ಒಳಗಿನ ರಬ್ಬರ್ ಬೆಲ್ಟ್ ಬದಲಾಯಿಸಿಕೊಂಡರೆ ಎಷ್ಟೋ ವಾಸಿ. ಹೆಡ್ಡನ್ನು ಹತ್ತಿಕಡ್ಡಿ ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕಡ್ಡಿಗೆ ಕಂದು ಬಣ್ಣ ಬರುವುದು ನಿಲ್ಲುವವರೆಗೂ. ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಐಪಿಎ ಅಂತ ಕೇಳಿ. ರೀಲನ್ನು ಎಳೆಯುವ ರಬ್ಬರ್ ರೋಲರಿಗೆ ಸ್ವಲ್ಪ ಸೋಪಿನ ನೀರು ಸಾಕು.

ಈಗ ಯಾರೂ ಹೇಳದ ಒಂದು ವಿಷಯ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇದೆ, ಹೆಡ್ಡು ರೀಲಿಗೆ ನೆಟ್ಟಗೆ ನಿಲ್ಲುವಂತೆ ಮಾಡುವುದು ಅದೇ. ಕೆಲವು ಮೆಷಿನ್‌ಗಳಲ್ಲಿ ಓಡುತ್ತಿರುವಾಗಲೇ ಸ್ಕ್ರೂಡ್ರೈವರ್ ತೂರಿಸಲು ತೂತು ಬಿಟ್ಟಿರುತ್ತಾರೆ. ನಿಮ್ಮ ಕ್ಯಾಸೆಟ್ ರೆಕಾರ್ಡ್ ಆದ ಯಂತ್ರದ ಹೆಡ್ಡು ಒಂಚೂರು ಓರೆ ಇದ್ದಿರಬಹುದು, ಅಲ್ವಾ? ಆಗ ಬೇರೆ ಯಂತ್ರದಲ್ಲಿ ಕೇಳಿದರೆ ಕಂಬಳಿ ಹೊದ್ದು ಮಾತಾಡಿದ ಹಾಗಿರುತ್ತದೆ. ಸ್ಕ್ರೂ ಈಗಿರುವ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ, ಹೆಡ್‌ಫೋನ್ ಹಾಕಿಕೊಂಡು, ತೀರಾ ನಿಧಾನಕ್ಕೆ ಕಾಲು ಸುತ್ತಿನೊಳಗೆ ಆಚೀಚೆ ತಿರುಗಿಸಿ. ನನ್ನ ತಾಳಮದ್ದಳೆಯಲ್ಲಿ ಚಂಡೆಯ ಹಿಂದೆ ಮುಚ್ಚಿಹೋಗಿದ್ದ ಚಕ್ರತಾಳ ಇದ್ದಕ್ಕಿದ್ದಂತೆ ಠಣ್ ಎಂದು ಎದ್ದು ಬಂತು. ಇಷ್ಟು ಬದಲಾವಣೆಯನ್ನು ಯಾವ ಸಾಫ್ಟ್‌ವೇರೂ ಮಾಡಿಕೊಡುವುದಿಲ್ಲ.

ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ನೇರ ವೈರ್ ಚುಚ್ಚಬೇಡಿ. ಅಲ್ಲಿ ಸದ್ದು ಒಳಗೆ ಬರಲು ಇರುವುದು ಸಾಮಾನ್ಯವಾಗಿ ಮೈಕಿನ ಇನ್‌ಪುಟ್ ಮಾತ್ರ, ಅದೂ ಮೊನೊ, ಅಂದರೆ ಒಂದೇ ಚಾನೆಲ್. ಲೈನ್ ಇನ್ (ಡೆಕ್ಕಿನಂಥ ಯಂತ್ರದ ಸದ್ದು ಒಳಗೆ ತರುವ ತೂತು) ಇರುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಅಂದರೆ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆ, ಬೇಕು, ಸಾದಾ ಆದರೂ ನಡೆಯುತ್ತದೆ. ಡೆಕ್ಕಿನ ಲೈನ್ ಔಟ್‌ನಿಂದ, ಇಲ್ಲದಿದ್ದರೆ ಹೆಡ್‌ಫೋನ್ ಔಟ್‌ನಿಂದ ಅದಕ್ಕೆ ವೈರ್ ಹಾಕಿ. ಗುಂಯ್ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ.

ರೆಕಾರ್ಡಿಂಗಿಗೆ ಆಡಾಸಿಟಿ ಎಂಬ ಸಾಫ್ಟ್‌ವೇರ್, ಉಚಿತ. ಅದರಲ್ಲಿ ಇನ್‌ಪುಟ್ ಯಾವುದು ಎಂದು ಎರಡು ಸಲ ನೋಡಿ. ಲ್ಯಾಪ್‌ಟಾಪಿನ ಸ್ವಂತ ಮೈಕನ್ನೇ ಬಿಟ್ಟು ನಾನು 45 ನಿಮಿಷ ರೆಕಾರ್ಡ್ ಮಾಡಿದ್ದೆ, ಕೇಳಿದರೆ ಮಾವನ ಮಾತಿನ ಮೇಲೆ ನಮ್ಮನೆ ಕುಕ್ಕರಿನ ಮೂರು ಸೀಟಿ. ಮೈಕಿನ ತೂತಿನ ಹತ್ತಿರ ಉಗುರಿನಿಂದ ಕೆರೆದು ನೋಡಿ, ಮೀಟರ್ ಅಲುಗಿದರೆ ಇನ್‌ಪುಟ್ ತಪ್ಪಾಗಿದೆ. 44,100 ಹರ್ಟ್ಜ್, ಸ್ಟೀರಿಯೊ ಇಡಿ. ಜೋರಾದ ಕಡೆಯೂ ಮೀಟರ್ ಮೈನಸ್ 6 ಡೆಸಿಬಲ್ ಹತ್ತಿರ ನಿಂತರೆ ಸರಿ. ಕೆಂಪು ಮುಟ್ಟಿ ಒಡೆದ ಸದ್ದನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷ ಕೂರಲೇಬೇಕು, ಅಡ್ಡದಾರಿ ಇಲ್ಲ. ಅಷ್ಟು ಹೊತ್ತು ಆ ಕೋಣೆಯಲ್ಲೇ ಇರಿ, ರೀಲು ಸಿಕ್ಕಿಕೊಂಡರೆ ಓಡಿ ಸ್ಟಾಪ್ ಒತ್ತಲು.

ಮೊದಲು ಏನೂ ತಿದ್ದದೆ ವೇವ್ ಅಥವಾ ಫ್ಲ್ಯಾಕ್ ಫೈಲ್ ಆಗಿ ಉಳಿಸಿ, ಇವೆರಡರಲ್ಲೂ ಸದ್ದಿನ ಗುಣಮಟ್ಟ ಕಳೆಯುವುದಿಲ್ಲ. 16 ಬಿಟ್ ವೇವ್ ಗಂಟೆಗೆ ಸುಮಾರು 635 ಎಂಬಿ, ಈಗಿನ ಕಾಲಕ್ಕೆ ಅದೇನು ಮಹಾ. ನಾಯ್ಸ್ ರಿಡಕ್ಷನ್, ಅಂದರೆ ಹಿನ್ನೆಲೆಯ ಗದ್ದಲ ತಗ್ಗಿಸುವುದು, ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಕಾಪಿಯ ಮೇಲೆ ಮಾಡಿ, 6 ಡೆಸಿಬಲ್‌ಗಿಂತ ಜಾಸ್ತಿ ಎಳೆಯಬೇಡಿ. ಜಾಸ್ತಿ ಮಾಡಿದರೆ ಅಜ್ಜಿ ನೀರಿನೊಳಗಿಂದ ಹಾಡುತ್ತಾರೆ. ಹಿಂದೆ ಕೇಳುವ ಮಳೆ, ಲೋಟದ ಸದ್ದು ಎಲ್ಲ ಇರಲಿ ಬಿಡಿ. ವಾಟ್ಸಾಪಿಗೆ ಕಳಿಸಲು ಎಂಪಿ3 ಸಾಕು.

ಫೈಲಿಗೆ ವರ್ಷ, ಊರು, ಮಾತಾಡಿದವರ ಹೆಸರು ಹಾಕಿ. ಯಾರ ದನಿ ಎಂದು ಗುರುತಿಸುವ ಹಿರಿಯರು ಇದ್ದರೆ ಅವರಿಗೆ ಇವತ್ತೇ ಕೇಳಿಸಿ. ಕ್ಯಾಸೆಟ್ ಎಸೆಯಬೇಡಿ, ಮತ್ತೆ ಬೇಕಾಗಬಹುದು. ಒಳಗಿನ ಕಾರ್ಡಿನದೂ ಒಂದು ಫೋಟೊ ತೆಗೆದು ಅದೇ ಫೋಲ್ಡರಿಗೆ ಹಾಕಿ, ಅದರಲ್ಲಿ ಕೈಬರಹ ಇರುತ್ತದೆ. ನಮ್ಮದೊಂದರಲ್ಲಿ ಚಿಕ್ಕಪ್ಪ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: "ತಾಳಮದ್ದಳೆ, ಬಿ ಸೈಡ್ ಅರ್ಧ, ಆಮೇಲೆ ಮಗು ಅಳು." ಆ ಮಗು ಈಗ ಬೆಂಗಳೂರಲ್ಲಿ ಇಂಜಿನಿಯರು. ಫೈಲ್ ಕಳಿಸಿ ಎರಡು ವಾರ ಆಯಿತು, ಇನ್ನೂ ಉತ್ತರ ಇಲ್ಲ.