ಒಂದೇ ತೋಟಕ್ಕೆ ನಾಲ್ಕು ಸಲ

ಶಿರಸಿ ಮತ್ತು ಸಿದ್ದಾಪುರದ ನಡುವೆ, ಎರಡು ಬೆಟ್ಟಗಳ ಸಂದಿನ ಕಣಿವೆಯಲ್ಲಿ, ಎರಡು ಎಕರೆ ಅಡಿಕೆ ತೋಟ, ಅರ್ಧ ಎಕರೆ ಗದ್ದೆ ಮತ್ತು ಆರು ಮಲೆನಾಡು ಗಿಡ್ಡ ಹಸುಗಳಿರುವ ಒಂದು ಮನೆಯಿದೆ. ಅಲ್ಲಿಗೆ ನಾನು ಒಂದು ವರ್ಷದಲ್ಲಿ ಮೂರು ಸಲ, ಆಮೇಲಿನ ಫೆಬ್ರವರಿಯಲ್ಲಿ ಇನ್ನೊಂದು ಸಲ ಕೆಲಸಕ್ಕೆಂದು ಹೋಗಿ ಬಂದೆ. ಮೊದಲ ಸಲ ಹದಿನೆಂಟು ದಿನ, ಮಳೆಗಾಲದಲ್ಲಿ ಮೂರು ವಾರ, ಡಿಸೆಂಬರಿನಲ್ಲಿ ಹದಿನೈದು ದಿನ, ಕೊನೆಯ ಸಲ ಹನ್ನೆರಡು ದಿನ ಅಲ್ಲಿದ್ದೆ. ಸಾವಯವ ತೋಟಗಳಲ್ಲಿ ಸ್ವಯಂಸೇವಕರಾಗಿ ದುಡಿಯಬೇಕೆಂದು ಹೊರಡುವ ನನ್ನಂಥ ನಗರದವರು ಸಾಮಾನ್ಯವಾಗಿ ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ ಎಂದು ಐದಾರು ತೋಟಗಳನ್ನು ನೋಡಿ ಬರುತ್ತಾರೆ. ನನ್ನ ಮೊದಲ ಯೋಜನೆಯೂ ಹಾಗೆಯೇ ಇತ್ತು. ಅದನ್ನು ಬಿಟ್ಟು ಒಂದೇ ಮನೆಗೆ ಬೇರೆ ಬೇರೆ ಕಾಲದಲ್ಲಿ ಮರಳಿ ಹೋದದ್ದರಿಂದ ನನಗೆ ಏನು ತಿಳಿಯಿತು ಎಂಬುದನ್ನು, ಹೊರಡುವ ಮನಸ್ಸಿರುವ ಇತರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಏರ್ಪಾಡು ಸರಳವಾಗಿತ್ತು. ಬೆಳಿಗ್ಗೆ ಏಳರಿಂದ ಮಧ್ಯಾಹ್ನದವರೆಗೆ ತೋಟದ ಅಥವಾ ಬೆಟ್ಟದ ಕೆಲಸ, ಸಂಜೆ ಒಂದು ತಾಸು ಕೊಟ್ಟಿಗೆಯ ಕೆಲಸ, ಅದಕ್ಕೆ ಪ್ರತಿಯಾಗಿ ಊಟ ಮತ್ತು ಜಗುಲಿಯ ಪಕ್ಕದ ಕೋಣೆಯಲ್ಲಿ ವಾಸ. ಹಣದ ಕೊಡುಕೊಳ್ಳುವಿಕೆ ಇರಲಿಲ್ಲ. ಈ ಬಗೆಯ ಏರ್ಪಾಡು 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ಲಂಡನ್ನಿನಲ್ಲಿ ಕಾರ್ಯದರ್ಶಿಯಾಗಿದ್ದ ಸೂ ಕೊಪ್ಪಾರ್ಡ್ ಎಂಬ ಮಹಿಳೆ, ತನ್ನಂತೆ ಹಳ್ಳಿಯ ಸಂಪರ್ಕವಿಲ್ಲದ ನಗರವಾಸಿಗಳು ವಾರಾಂತ್ಯದಲ್ಲಿ ಸಾವಯವ ಕೃಷಿ ಮಾಡುವವರ ಹೊಲಗಳಲ್ಲಿ ದುಡಿಯಲೆಂದು ಹುಟ್ಟುಹಾಕಿದ 'ವೂಫ್' ಇಂದು ಅನೇಕ ದೇಶಗಳಿಗೆ ಹಬ್ಬಿದೆ. ನಾನು ಮಾತ್ರ ಅಂಥ ಜಾಲದ ಮೂಲಕ ಹೋದವಳಲ್ಲ, ಪರಿಚಿತರೊಬ್ಬರು ಕೇಳಿ ಒಪ್ಪಿಸಿದ್ದರಿಂದ ಹೋದೆ. ಸ್ವಯಂಸೇವಕ ಎಂಬ ಪದ ಆ ಮನೆಯವರಿಗೆ ಒಗ್ಗಲಿಲ್ಲ. ಮನೆಯ ಹಿರಿಯರು ಮೊದಲ ದಿನವೇ, "ನಿಮ್ಮನ್ನು ಮುಯ್ಯಾಳು ಎಂದೇ ಎಣಿಸಿದ್ದೇವೆ" ಎಂದರು. ಇವತ್ತು ನಿಮ್ಮ ಮನೆಯ ಕೆಲಸಕ್ಕೆ ನಾನು, ನಾಳೆ ನನ್ನ ಮನೆಯ ಕೆಲಸಕ್ಕೆ ನೀವು ಎಂಬ ಹಳೆಯ ಲೆಕ್ಕ ಅದು. ನನಗೆ ತೋಟವಿಲ್ಲವಾದ್ದರಿಂದ ಮುಯ್ಯಿ ತೀರುವುದು ಹೇಗೆಂದು ಕೇಳಿದೆ. ಮತ್ತೆ ಬಂದರೆ ತೀರುತ್ತದೆ ಎಂದರು. ಮತ್ತೆ ಬರುವ ಮಾತು ಮೊದಲು ಹುಟ್ಟಿದ್ದು ಅಲ್ಲಿ.

ಫೆಬ್ರವರಿ ಎಂದರೆ ಅಲ್ಲಿ ದರಕಿನ ಕಾಲ. ದರಕು ಎಂದರೆ ಬೆಟ್ಟದಲ್ಲಿ ಉದುರಿದ ಒಣ ಎಲೆ. ಉತ್ತರ ಕನ್ನಡದ ಅಡಿಕೆ ತೋಟಿಗರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟು, ಅಲ್ಲಿಂದ ಸೊಪ್ಪು, ಒಣ ಎಲೆ ಮತ್ತು ಹುಲ್ಲನ್ನು ಮನೆಬಳಕೆಗೆ ತರುವ ಹಕ್ಕು ಕೊಡಲಾಗಿತ್ತು. ನೆಲದ ಒಡೆತನ ಮಾತ್ರ ಸರಕಾರದ್ದೇ. ಈ ಬೆಟ್ಟವಿಲ್ಲದೆ ಕೆಳಗಿನ ತೋಟವನ್ನು ಕಲ್ಪಿಸಿಕೊಳ್ಳಲಾಗದು. ಬೆಟ್ಟದ ಎಲೆ ಕೊಟ್ಟಿಗೆಗೆ ಇಳಿಯುತ್ತದೆ, ಹಸುಗಳ ಕಾಲಡಿ ಹಾಸಾಗಿ ಸೆಗಣಿ ಗಂಜಲಗಳನ್ನು ಹೀರಿಕೊಳ್ಳುತ್ತದೆ, ಗೊಬ್ಬರಗುಂಡಿಯಲ್ಲಿ ತಿಂಗಳುಗಟ್ಟಲೆ ಕಳಿಯುತ್ತದೆ, ಕೊನೆಗೆ ಅಡಿಕೆ ಮರದ ಬುಡ ಸೇರುತ್ತದೆ. ಹೊರಗಿನಿಂದ ಒಂದು ಚೀಲ ಗೊಬ್ಬರವನ್ನೂ ಕೊಳ್ಳದ ಈ ಮನೆಯವರ ಕೃಷಿ ಎಂದರೆ ಬಹುಪಾಲು ಎಲೆಯನ್ನು ಮೇಲಿನಿಂದ ಕೆಳಕ್ಕೆ ಸಾಗಿಸುವ ಕೆಲಸವೇ ಆಗಿದೆ.

ಅಲ್ಲಿಯ ಬೆಟ್ಟದಲ್ಲಿ ಮತ್ತಿ, ನಂದಿ, ಹೊನ್ನೆ, ಕವಲು, ನೇರಲೆ ಮರಗಳಿವೆ. ಬಿದಿರುಕಡ್ಡಿಯ ಹಿಡಿಯಿಂದ, ಎಂದರೆ ಪೊರಕೆಯಿಂದ, ದರಕನ್ನು ಇಳಿಜಾರಿಗೆ ಅಡ್ಡವಾಗಿ ಗುಡಿಸಿ ರಾಶಿ ಮಾಡಬೇಕು, ಹಗ್ಗದ ಬಲೆಯಾದ ಕಲ್ಲಿಯನ್ನು ನೆಲಕ್ಕೆ ಹಾಸಿ ತುಂಬಬೇಕು, ಕಾಲಿನಿಂದ ಒತ್ತಿ ಒತ್ತಿ ಬಿಗಿ ಮಾಡಬೇಕು, ಆಮೇಲೆ ತಲೆಯ ಮೇಲೆ ಹೊತ್ತು ಇಳಿಯಬೇಕು. ಸಡಿಲವಾಗಿ ತುಂಬಿದ ಕಲ್ಲಿ ಹೊರಲು ಹಗುರ ಎನಿಸಿದರೂ ದಾರಿಯಲ್ಲಿ ಗಾಳಿಗೆ ವಾಲಿ ಕುತ್ತಿಗೆಯನ್ನು ನೋಯಿಸುತ್ತದೆ. ಇದನ್ನು ಎರಡನೆಯ ದಿನ ಕಲಿತೆ. ನಾಲ್ಕನೆಯ ದಿನ ಮನೆಯವರು ಮದುವೆಗೆ ಹೋಗಿದ್ದಾಗ ಕಾಲುದಾರಿಯ ಪಕ್ಕದ ಒಂದು ಪಟ್ಟಿಯನ್ನು, ಸುಮಾರು ಹತ್ತು ಮಾರು ಅಗಲದಷ್ಟು, ನಾನೊಬ್ಬಳೇ ಗುಡಿಸಿದೆ. ಅಂಗಳ ಗುಡಿಸಿದಂತೆ ನೆಲದ ಕೆಂಪು ಕಾಣುವವರೆಗೆ ಗುಡಿಸಿ, ಮೇಲಿನ ಹೊಸ ಎಲೆಯ ಜೊತೆಗೆ ಕೆಳಗಿನ ಅರೆಗೊಳೆತ ಕಪ್ಪು ಪದರವನ್ನೂ ಬಳಿದು ತಂದೆ. ಅದೇ ಒಳ್ಳೆಯ ಗೊಬ್ಬರವಲ್ಲವೇ ಎಂಬುದು ನನ್ನ ಎಣಿಕೆ. ಮರುದಿನ ಹಿರಿಯರು ಆ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರು. ಬೈಯಲಿಲ್ಲ. "ಮೇಲಿನ ಎಲೆ ತೋಟದ್ದು, ಅಡಿಯ ಎಲೆ ಬೆಟ್ಟದ್ದು. ಮಳೆಗಾಲಕ್ಕೆ ಬಂದು ನೋಡಿ" ಎಂದಷ್ಟೇ ಹೇಳಿದರು.

ಈ ಕಾಲದಲ್ಲಿ ಬೆಟ್ಟಕ್ಕೆ ಹೋಗುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳ (ಉಣ್ಣೆಗಳ) ಮೂಲಕ ಹರಡುತ್ತದೆ, ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಬೇಸಿಗೆಯ ಈ ತಿಂಗಳುಗಳಲ್ಲೇ, ಮತ್ತು ಸಿದ್ದಾಪುರದ ಕಡೆಯೂ ಅದರ ಬಾಧೆ ಆಗಿದೆ. ದರಕು ಗುಡಿಸುವ ಕೆಲಸವೆಂದರೆ ಉಣುಗು ಇರುವ ನೆಲದಲ್ಲೇ ಕೈಯಾಡಿಸುವ ಕೆಲಸ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಸುತ್ತಮುತ್ತ ಮಂಗಗಳು ಸತ್ತಿವೆಯೇ ಎಂದು ತಿಳಿದುಕೊಂಡು, ಅವರು ಕೊಡುವ, ಉಣುಗು ಹತ್ತದಂತೆ ತಡೆಯುವ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡೇ ಹೋಗಬೇಕು. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಮೈಯನ್ನೆಲ್ಲ ನೋಡಿಕೊಳ್ಳಬೇಕು. ಜ್ವರ ಬಂದರೆ ಬೆಟ್ಟಕ್ಕೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕು. ಸ್ವಯಂಸೇವಕರನ್ನು ಕರೆಸಿಕೊಳ್ಳುವ ಮನೆಯವರು ಇದನ್ನು ಹೇಳಲು ಮರೆತರೂ ಹೋಗುವವರು ಮರೆಯಬಾರದು.

ಜೂನ್ ಕೊನೆಯ ವಾರದಲ್ಲಿ ನಾನು ಮತ್ತೆ ಹೋದಾಗ ಮಳೆ ಹಿಡಿದು ಹದಿನೈದು ದಿನವಾಗಿತ್ತು. ವರ್ಷಕ್ಕೆ 2,500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಅದರ ಬಹುಪಾಲನ್ನು ನಾಲ್ಕು ತಿಂಗಳಲ್ಲೇ ಸುರಿಸಿಬಿಡುವ ಸೀಮೆ ಅದು. ಮಾರನೆಯ ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಬೆಟ್ಟದ ಕಾಲುದಾರಿಗೆ ಹೋದೆ. ನಾನು ಗುಡಿಸಿದ ಪಟ್ಟಿಯಿಂದ ಇಳಿಯುತ್ತಿದ್ದ ನೀರು ಕೆನ್ನೀರಾಗಿತ್ತು. ಅದರ ಪಕ್ಕದಲ್ಲೇ, ಮೇಲಿನ ಎಲೆಯನ್ನು ಮಾತ್ರ ತೆಗೆದಿದ್ದ ಭಾಗದಿಂದ ನೀರು ಹರಿಯುತ್ತಿರಲೇ ಇಲ್ಲ. ಎಲೆಗಳ ಸಂದಿನಲ್ಲಿ ಜಿನುಗಿ, ದಾರಿಯ ಅಂಚಿನ ಕಲ್ಲಿನ ಬುಡದಲ್ಲಿ ತೆಳ್ಳನೆಯ ಎಳೆಯಾಗಿ ತಿಳಿಯಾಗಿ ಹೊರಬೀಳುತ್ತಿತ್ತು. ಎರಡು ಗಾಜಿನ ಸೀಸೆಗಳಲ್ಲಿ ಎರಡೂ ಕಡೆಯ ನೀರನ್ನು ಹಿಡಿದು ತಂದು ಕಿಟಕಿಯಲ್ಲಿಟ್ಟೆ. ಬೆಳಗಾಗುವಷ್ಟರಲ್ಲಿ ಒಂದರ ತಳದಲ್ಲಿ ಒಂದು ಬೆರಳು ದಪ್ಪದ ಕೆಂಪು ಮಣ್ಣು ಕೂತಿತ್ತು, ಇನ್ನೊಂದರಲ್ಲಿ ಎರಡು ಎಲೆನಾರು ಮತ್ತು ಚಿಟಿಕೆಯಷ್ಟು ಕಪ್ಪು ಪುಡಿ ಇತ್ತು. ಆ ಸೀಸೆಗಳ ಮುಂದೆ ನಾನು ಬಹಳ ಹೊತ್ತು ಕೂತೆ. ಫೆಬ್ರವರಿಯಲ್ಲಿ ಊರಿಗೆ ಮರಳಿ, ಮುಂದಿನ ತೋಟ ಬೇರೆ ಕಡೆ ಎಂದು ಹೊರಟುಹೋಗಿದ್ದರೆ, ಹದಿನೆಂಟು ದಿನ ಒಳ್ಳೆಯ ಕೆಲಸ ಮಾಡಿ ಬಂದೆ ಎಂದೇ ಎಲ್ಲರಿಗೂ ಹೇಳುತ್ತಿದ್ದೆ, ಅದನ್ನು ನಂಬಿಯೂ ಇರುತ್ತಿದ್ದೆ.

ಆ ಮೂರು ವಾರ ಹೆಚ್ಚಿನ ಕೆಲಸ ಬಸಿಗಾಲುವೆಗಳದ್ದು. ಅಡಿಕೆಗೆ ತೇವ ಬೇಕು, ಆದರೆ ಬುಡದಲ್ಲಿ ನಿಂತ ನೀರು ಅದಕ್ಕೆ ಆಗದು. ಸಾಲುಗಳ ನಡುವಿನ ಕಾಲುವೆಯಲ್ಲಿ ಬಿದ್ದ ಅಡಿಕೆ ಹಾಳೆ, ಸೋಗೆ (ಅಡಿಕೆಯ ಗರಿ), ಮಣ್ಣುಗಳನ್ನು ದಿನವೂ ಎತ್ತಿ ಅದೇ ಸಾಲಿನ ಮರಗಳ ಬುಡಕ್ಕೆ ಹಾಕಬೇಕು. ಕಾಲುವೆಯನ್ನು ಆಳ ಮಾಡಲು ಹೋದರೆ ಅಡಿಕೆಯ ಬೇರು ಕಡಿದುಹೋಗುತ್ತದೆ, ಆದ್ದರಿಂದ ಗುದ್ದಲಿಯನ್ನು ಚಪ್ಪಟೆಯಾಗಿ ಹಿಡಿದು ಕೆಸರನ್ನು ಮಾತ್ರ ಬಾಚಬೇಕು. ಉಂಬಳಗಳು (ಜಿಗಣೆಗಳು) ಕಚ್ಚುತ್ತವೆ, ಸುಣ್ಣ ಮತ್ತು ಹೊಗೆಸೊಪ್ಪು ಸವರಿಕೊಂಡರೆ ಕಡಿಮೆ ಕಚ್ಚುತ್ತವೆ. ಅದಕ್ಕಿಂತ ಹೆಚ್ಚು ಅವುಗಳ ಬಗ್ಗೆ ಹೇಳುವುದೇನಿಲ್ಲ.

ಕೊಳೆರೋಗದ ಬಗ್ಗೆ ಹೇಳಲೇಬೇಕು, ಏಕೆಂದರೆ ಪ್ರಕೃತಿಯೊಂದಿಗೆ ಕೃಷಿ ಎಂಬ ಮಾತು ಪರೀಕ್ಷೆಗೆ ಒಳಗಾಗುವುದು ಅಲ್ಲಿ. ಎಡೆಬಿಡದ ಮಳೆಯಲ್ಲಿ ಹರಡುವ ಈ ರೋಗದಿಂದ ಎಳೆಯ ಅಡಿಕೆ ಕೊಳೆತು ರಾಶಿ ರಾಶಿಯಾಗಿ ಉದುರುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಈ ಮನೆಯವರೂ ಅದನ್ನು ಹೊಡೆಸುತ್ತಾರೆ. ಮಳೆಗೆ ಮುಂಚೆ ಒಂದು ಸಲ ಹೊಡೆಸಿಯಾಗಿತ್ತು, ಎರಡನೆಯ ಸಲದ್ದನ್ನು ಜುಲೈಯಲ್ಲಿ ಮಳೆ ಬಿಟ್ಟು ಹೊಳವಾದ ಒಂದು ದಿನ ನಾನೇ ಕಲಸಿದೆ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟನ್ನು) ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಕಬ್ಬಿಣದ ಪಾತ್ರೆ ಕೂಡದು. ಆಮೇಲೆ ಹೊಳೆಯುವ ಚೂರಿಯ ಅಲಗನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ನಾನು ತೆಗೆದಾಗ ಅಲಗಿನ ತುದಿಯಲ್ಲಿ ತಾಮ್ರದ ಕೆಂಪು ಕಂಡಿತು, ಎಂದರೆ ಸುಣ್ಣ ಸಾಲದು. ಇನ್ನೆರಡು ಹಿಡಿ ಸೇರಿಸಿ ಮತ್ತೆ ಅದ್ದಿದಾಗ ಅಲಗು ಅಲಗಿನಂತೆಯೇ ಉಳಿಯಿತು.

ಇದು ಸಾವಯವವೇ ಎಂದು ನಾನು ಕೇಳಿದ್ದೆ. ಸಾವಯವದ ನಿಯಮಗಳು ಇದಕ್ಕೆ ಮಿತಿಯೊಳಗೆ ಅನುಮತಿ ಕೊಡುತ್ತವೆ ಎಂಬುದು ಒಂದು ಉತ್ತರ. ಮನೆಯ ಮಗಳ ಉತ್ತರ ಬೇರೆಯಾಗಿತ್ತು. ತಾಮ್ರ ಮಣ್ಣಿನಲ್ಲಿ ಉಳಿದು ಸೇರುತ್ತ ಹೋಗುತ್ತದೆ ಎಂಬುದು ಗೊತ್ತಿದ್ದೇ ಹೊಡೆಸುತ್ತಿದ್ದೇವೆ, ಅದಕ್ಕೇ ಮೂರನೆಯ ಸಲ ಹೊಡೆಸುವುದನ್ನು ಬಿಟ್ಟಿದ್ದೇವೆ, ಹೆಚ್ಚು ಕೊಳೆ ಬರುವ ತಗ್ಗಿನ ಐವತ್ತು ಮರಗಳಿಗೆ ಹಿಂದಿನವರಂತೆ ಕರಡದ ಕೊಟ್ಟೆ ಕಟ್ಟಿಸುತ್ತಿದ್ದೇವೆ ಎಂದಳು. ಕರಡದ ಹುಲ್ಲಿನಿಂದ ಹೆಣೆದ ಕೊಟ್ಟೆ ಕೊನೆಯ, ಎಂದರೆ ಅಡಿಕೆ ಗೊಂಚಲಿನ, ಮೇಲೆ ಕೊಡೆಯಂತೆ ಕೂರುತ್ತದೆ. ಅದನ್ನು ಹೆಣೆಯಬಲ್ಲವರು ಊರಿನಲ್ಲಿ ಇಬ್ಬರೇ ಉಳಿದಿದ್ದಾರೆ. ಔಷಧ ಕೂಡದು ಎಂದು ಹಟ ಹಿಡಿದು ವರ್ಷದ ಬೆಳೆ ಕಳೆದುಕೊಂಡು ತೋಟವನ್ನೇ ಮಾರುವುದಕ್ಕಿಂತ, ಗೊತ್ತಿದ್ದು ಕಡಿಮೆ ಮಾಡುತ್ತ ಬರುವ ಈ ದಾರಿ ನನಗೆ ಹೆಚ್ಚು ಗೌರವದ್ದಾಗಿ ಕಾಣುತ್ತದೆ.

ಡಿಸೆಂಬರಿನಲ್ಲಿ ಕೊನೆಕೊಯ್ಲು ನಡೆದಿತ್ತು. ಅಂಗಳದಲ್ಲಿ ಮೆಟ್ಟುಗತ್ತಿಗಳ ಮುಂದೆ ಏಳು ಹೆಂಗಸರು ಸಂಜೆಯಿಂದ ರಾತ್ರಿ ಹತ್ತರವರೆಗೆ ಅಡಿಕೆ ಸುಲಿಯುತ್ತಿದ್ದರು. ನಾನೂ ಒಂದು ಮೆಟ್ಟುಗತ್ತಿ ಕೇಳಿದೆ. ಆದರೆ ಸುಲಿದ ಅಳತೆಗೆ ತಕ್ಕಂತೆ ಅವರಿಗೆ ಕೂಲಿ, ಎಂದರೆ ನಾನು ಪುಕ್ಕಟೆ ಸುಲಿಯುವ ಪ್ರತಿ ಡಬ್ಬಿಯೂ ಅವರಲ್ಲೊಬ್ಬರ ದುಡಿಮೆಯಿಂದ ಕಡಿಮೆಯಾಗುವಂಥದ್ದು. ಇದು ಹೊಳೆದ ಮೇಲೆ ಸುಲಿಯುವುದನ್ನು ಬಿಟ್ಟು, ಸಿಪ್ಪೆ ಎತ್ತುವ, ಚಹಾ ಕೊಡುವ, ಹಂಡೆಯ ಒಲೆಗೆ ಸೌದೆ ಒಟ್ಟುವ ಕೆಲಸಕ್ಕೆ ನಿಂತೆ. ಸ್ವಯಂಸೇವೆಗೆ ಹೋಗುವವರು ಯಾವ ಕೆಲಸಕ್ಕೆ ಊರಿನಲ್ಲಿ ಕೂಲಿ ಇದೆ, ಯಾವುದಕ್ಕೆ ಆಳು ಸಿಗದೆ ಕೆಲಸ ಉಳಿದುಹೋಗುತ್ತದೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಎರಡನೆಯದೇ ನಮ್ಮದು.

ಹಾಗೆ ಉಳಿದುಹೋಗಿದ್ದ ಕೆಲಸ ಗೊಬ್ಬರಗುಂಡಿಯದು. ಗುಂಡಿಯ ಪಕ್ಕವನ್ನು ನೇರವಾಗಿ ಕಡಿದಾಗ ಅದರ ಪದರಗಳು ಕಂಡವು. ಮೇಲೆ ಮಳೆಗಾಲದ ಸೊಪ್ಪು ಇನ್ನೂ ಕಂದುಬಣ್ಣದಲ್ಲಿ ಕಡ್ಡಿಕಡ್ಡಿಯಾಗಿತ್ತು. ಅದರ ಕೆಳಗೆ ಮತ್ತಿ ಎಲೆಯ ನರಗಳು ಮಾತ್ರ ಬಲೆಯಂತೆ ಉಳಿದಿದ್ದವು. ಇನ್ನೂ ಕೆಳಗೆ, ಮೊಣಕಾಲಿನ ಆಳದಲ್ಲಿ, ಎಲೆ ಯಾವುದು ಸೆಗಣಿ ಯಾವುದು ಎಂದು ಬೇರೆ ಮಾಡಲಾಗದ ಕಪ್ಪು ಹುಡಿ, ಹಿಡಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರುವಂತಿತ್ತು. ಅದಕ್ಕೆ ಸೆಗಣಿಯ ವಾಸನೆ ಇರಲಿಲ್ಲ, ಮೊದಲ ಮಳೆಯ ದಿನದ ಕಾಡಿನ ವಾಸನೆ ಇತ್ತು. ಒಂಬತ್ತು ದಿನ ಬುಟ್ಟಿಯಲ್ಲಿ ಹೊತ್ತು ಮರಕ್ಕೆ ಒಂದೂವರೆ ಬುಟ್ಟಿಯಂತೆ ಹಾಕಿ, ಮೇಲೆ ಸೋಗೆ ಮುಚ್ಚಿದೆವು. ಫೆಬ್ರವರಿಯಲ್ಲಿ ನಾನು ಬಳಿದು ತಂದಿದ್ದ ಬೆಟ್ಟದ ಅಡಿಯ ಎಲೆಯೂ ಅದರೊಳಗೆ ಎಲ್ಲೋ ಇತ್ತು.

ಮರುವರ್ಷದ ಫೆಬ್ರವರಿಯಲ್ಲಿ ಮತ್ತೆ ಹಿಡಿ ಹಿಡಿದು ಬೆಟ್ಟಕ್ಕೆ ಹೋದೆವು. ಆ ಪಟ್ಟಿಯಲ್ಲಿ ಮಳೆಗೆ ಕೊರೆದ ಸಣ್ಣ ಸಣ್ಣ ಕೊರಕಲುಗಳು ಹಾಗೆಯೇ ಇದ್ದವು, ಕಲ್ಲುಹರಳು ಮೇಲೆದ್ದಿತ್ತು. ಆದರೆ ಮಳೆಗಾಲದಲ್ಲಿ ನಾವು ಇಳಿಜಾರಿಗೆ ಅಡ್ಡಲಾಗಿ ಮಲಗಿಸಿದ್ದ ಒಣಕೊಂಬೆಗಳ ಹಿಂದೆ ಮಣ್ಣು ತಡೆದು ನಿಂತಿತ್ತು, ಅದರ ಮೇಲೆ ಹೊಸ ದರಕು ಕೂತಿತ್ತು, ಒಂದು ಕಡೆ ಗೇಣುದ್ದದ ಎರಡು ಸಸಿಗಳು ಎದ್ದಿದ್ದವು. ಮತ್ತಿಯಿರಬೇಕು ಎಂದರು ಹಿರಿಯರು. ಇನ್ನು ಮೂರು ವರ್ಷ ಇಲ್ಲಿ ಹಿಡಿ ತಾಗಿಸುವುದು ಬೇಡ ಎಂದು ತೀರ್ಮಾನಿಸಿ, ಗುರುತಿಗೆ ನಾಲ್ಕು ಮೂಲೆಗಳಲ್ಲಿ ಕಲ್ಲು ಇಟ್ಟು, ಮೇಲಿನ ಹಕ್ಕಲಿಗೆ ಹತ್ತಿದೆವು. ಅಡಿಯ ಪದರವನ್ನು ಬಿಟ್ಟು ಮೇಲಿನ ಎಲೆಯನ್ನಷ್ಟೇ ಗುಡಿಸಿ, ಆ ದಿನ ಮಧ್ಯಾಹ್ನದೊಳಗೆ ಹನ್ನೊಂದು ಕಲ್ಲಿ ದರಕು ಇಳಿಸಿದೆವು.