ಲಿನಕ್ಸ್‌ನಲ್ಲಿ ಯುಎಸ್‌ಬಿ ಸೀರಿಯಲ್ ಪೋರ್ಟ್ ಬರದಿದ್ದರೆ
ದಾವಣಗೆರೆಯಲ್ಲಿ ಪ್ರಾಜೆಕ್ಟ್ ಮಾಡುತ್ತಿರುವ ಹುಡುಗ ಹುಡುಗಿಯರಿಗೆ: ಯುಎಸ್‌ಬಿಗೆ ಸಿಕ್ಕಿಸಿದ ಸಾಧನಗಳ ಪಟ್ಟಿ ತೋರಿಸುವ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್‌ನಲ್ಲಿ ಬೋರ್ಡ್ ಕಾಣುತ್ತದೆ, ಅದರ ಜೊತೆ ಡೇಟಾ ಕಳಿಸಿ ಪಡೆಯುವ ಸೀರಿಯಲ್ ಪೋರ್ಟ್ ಮಾತ್ರ ಬರುತ್ತಿಲ್ಲ ಅಂದರೆ, ಮಾಡ್‌ಪ್ರೋಬ್ (modprobe) ಕಮಾಂಡ್‌ನಿಂದ ಬೋರ್ಡ್‌ನಲ್ಲಿರುವ ಯುಎಸ್‌ಬಿ-ಸೀರಿಯಲ್ ಚಿಪ್‌ನ ಡ್ರೈವರ್ ಲೋಡ್ ಮಾಡಿ. ಆಮೇಲೆ ಎಲ್‌ಎಸ್‌ಯುಎಸ್‌ಬಿಯಲ್ಲಿ ಕಂಡ ವೆಂಡರ್, ಪ್ರಾಡಕ್ಟ್ ನಂಬರ್‌ಗಳನ್ನು ನಡುವೆ ಸ್ಪೇಸ್ ಬಿಟ್ಟು, ರೂಟ್ (ಅಡ್ಮಿನ್) ಆಗಿ, ಸಿಸ್‌ಎಫ್‌ಎಸ್‌ನ (/sys ಫೋಲ್ಡರ್‌ನ) ಯುಎಸ್‌ಬಿ-ಸೀರಿಯಲ್ ಬಸ್ ಕೆಳಗಿರುವ ಆ ಡ್ರೈವರ್‌ನ 'ನ್ಯೂ ಐಡಿ' (new_id) ಫೈಲ್‌ಗೆ ಬರೆಯಿರಿ. ಡ್ರೈವರ್ ತನ್ನ ಪಟ್ಟಿಯಲ್ಲಿರುವ ನಂಬರ್‌ಗಳನ್ನು ಮಾತ್ರ ಹಿಡಿಯುತ್ತದೆ. ಚಿಪ್ ಅದೇ ಆಗಿದ್ದರೂ ತಯಾರಕರು ನಂಬರ್ ಬದಲಿಸಿದ್ದರೆ ಬಿಟ್ಟುಬಿಡುತ್ತದೆ. ಸುಮ್ನೆ ಬೋರ್ಡ್ ಎಸೆಯಬೇಡಿ, ದುಡ್ಡು ದಂಡ. ಚಿಪ್ಪೇ ಬೇರೆಯಾಗಿದ್ದರೆ ಇದು ನಡೆಯುವುದಿಲ್ಲ, ಹಾಗಾಗಿ ಚಿಪ್ ಮೇಲಿನ ಅಕ್ಷರ ಓದಿ ಖಚಿತ ಮಾಡಿಕೊಳ್ಳಿ. ಎಲ್‌ಎಸ್‌ಯುಎಸ್‌ಬಿಯಲ್ಲೇ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜಿಂಗ್ ಕೇಬಲ್‌ಗಳು ಜಾಸ್ತಿ. ರೀಬೂಟ್ ಆದರೆ ಆ ನಂಬರ್‌ಗಳನ್ನು ಮತ್ತೆ ಬರೆಯಬೇಕು.