ದೊಡ್ಡಪ್ಪನ ಶಾರ್ಟ್‌ಹ್ಯಾಂಡ್‌ಗೆ ಕೋಡ್ ಕೊಟ್ಟಿದ್ದು

ನಮ್ಮ ದೊಡ್ಡಪ್ಪ ಚಿತ್ರದುರ್ಗದಲ್ಲಿ ಸ್ಟೆನೋ ಆಗಿದ್ದವರು. ರಿಟೈರ್ ಆದ ಮೇಲೂ ಸಾಲದ ಲೆಕ್ಕವನ್ನೆಲ್ಲ ಇಂಗ್ಲಿಷ್ ಪಿಟ್‌ಮನ್ ಶಾರ್ಟ್‌ಹ್ಯಾಂಡ್‌ನಲ್ಲೇ (ಬೇಗ ಬರೆಯಲೆಂದು ಅಕ್ಷರದ ಬದಲು ಸದ್ದಿಗೊಂದು ಗೆರೆ ಎಳೆಯುವ ಲಿಪಿ) ಬರೆದಿಡುತ್ತಿದ್ದರು. ಮನೆಯಲ್ಲಿ ಬೇರೆ ಯಾರಿಗೂ ಓದಲು ಬರುವುದಿಲ್ಲ, ಅದೇ ಅವರಿಗೆ ಖುಷಿ. ದಾವಣಗೆರೆಯಲ್ಲಿ ನನ್ನದು ಡಿಟಿಪಿ ಅಂಗಡಿ. ಅವರ ನೋಟ್‌ಬುಕ್ಕುಗಳನ್ನು ಟೈಪ್ ಮಾಡಿಡೋಣ ಅಂತ ಕೂತೆ.

ಮೊದಲು ಯೂನಿಕೋಡ್ ಹುಡುಕಿದೆ, ಅಂದರೆ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿಗೆ ತಿಳಿಯುವ ಒಂದೊಂದು ಕೋಡ್ ಕೊಟ್ಟಿರುವ ಪಟ್ಟಿ. 1860ರ ಫ್ರೆಂಚ್ ಶೀಘ್ರಲಿಪಿ ಡ್ಯುಪ್ಲೋಯನ್‌ಗೆ 2014ರಲ್ಲೇ ಜಾಗ ಸಿಕ್ಕಿದೆ. ಕೆನಡಾದ ಕ್ಯಾಮ್ಲೂಪ್ಸ್‌ನಲ್ಲಿ 1891ರಿಂದ ಆ ಲಿಪಿಯಲ್ಲಿ ಪತ್ರಿಕೆಯೇ ಬರುತ್ತಿತ್ತಂತೆ. ಅದಕ್ಕಿಂತ ಹಳೆಯದು, 1837ರ ಪಿಟ್‌ಮನ್, ಅದಕ್ಕೆ ಜಾಗ ಇಲ್ಲ! ಸರಿ, ಖಾಸಗಿ ಬಳಕೆಗೆ ಬಿಟ್ಟಿರುವ 6,400 ಕೋಡ್‌ಗಳಿವೆಯಲ್ಲ, ಅಲ್ಲೇ ಚಾಪೆ ಹಾಸಿದೆ.

ಶುರುವಿನಲ್ಲೇ ಎಡವಿದೆ. ಒಂದೊಂದು ಪದಕ್ಕೆ ಒಂದೊಂದು ಚಿತ್ರ ಮಾಡುತ್ತಾ ಹೋದೆ. ಅದು ಮುಗಿಯುವ ಕೆಲಸವಲ್ಲ. ಆಮೇಲೆ ಪಿಟ್‌ಮನ್‌ನ 24 ವ್ಯಂಜನದ ಗೆರೆಗಳಿಗೆ ಮಾತ್ರ ಕೋಡ್ ಕೊಟ್ಟೆ. ‘ಪ’ ತೆಳು ಗೆರೆ, ‘ಬ’ ಅದೇ ಗೆರೆ, ದಪ್ಪ. ಕಪ್ಪು-ಬಿಳುಪಲ್ಲಿ ಸ್ಕ್ಯಾನ್ ಮಾಡಿದ್ದಕ್ಕೆ ಆ ವ್ಯತ್ಯಾಸವೇ ಹೋಗಿ ‘ಪೇ’ ಇದ್ದದ್ದೆಲ್ಲ ‘ಬೇ’ ಆಯಿತು. ಗ್ರೇಸ್ಕೇಲ್‌ನಲ್ಲಿ ಇನ್ನೊಮ್ಮೆ ಮಾಡಿದೆ.

ಜಾಸ್ತಿ ಕಾಡಿದ್ದು ‘ಚ’ ಮತ್ತು ‘ರ’. ಎರಡೂ ತೆಳು, ಎರಡೂ ಒಂದೇ ಕಡೆ ವಾಲಿದ ಗೆರೆ. ಬೇರೆ ಗೆರೆಗೆ ಸೇರಿದಾಗ ನನಗಂತೂ ಒಂದೇ ಥರ ಕಾಣುತ್ತಿದ್ದವು. ಒಂದೇ ಕೋಡ್ ಸಾಕಲ್ವಾ ಅಂದೆ. ದೊಡ್ಡಪ್ಪ ನಕ್ಕರು: “ಲೇ ತಮ್ಮಾ, ಗೆರೆ ನೋಡಬ್ಯಾಡ, ಕೈ ಎತ್ಲಾಗೆ ಹೋತು ನೋಡು.” ‘ಚ’ ಮೇಲಿಂದ ಕೆಳಗೆ, ‘ರ’ ಕೆಳಗಿಂದ ಮೇಲಕ್ಕೆ.

ಫಾಂಟ್ ತಯಾರಿಸುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಪ್ರತಿ ಗೆರೆಗೂ ಒಳಬರುವ ಚುಕ್ಕಿ, ಹೊರಹೋಗುವ ಚುಕ್ಕಿ ಇಡಬಹುದು. ಹಿಂದಿನ ಗೆರೆ ಮುಗಿದಲ್ಲಿಗೇ ಮುಂದಿನದು ಬಂದು ಅಂಟಿಕೊಳ್ಳುತ್ತದೆ. ‘ಚ’ಕ್ಕೆ ಒಳಬರುವ ಚುಕ್ಕಿ ಮೇಲ್ತುದಿಯಲ್ಲಿ, ‘ರ’ಕ್ಕೆ ಬುಡದಲ್ಲಿ ಇಟ್ಟೆ. ಕೈ ಹೋದ ದಾರಿ ತಾನಾಗೇ ಬಂತು!

ಸ್ವರದ ಚುಕ್ಕಿಗಳನ್ನು ದೊಡ್ಡಪ್ಪ ಅವಸರದಲ್ಲಿ ಬಿಟ್ಟೇ ಬಿಡುತ್ತಾರೆ. ಪದ ರೂಲಿಗಿಂತ ಮೇಲಿದೆಯೋ, ರೂಲಿಗೆ ತಾಗಿದೆಯೋ, ರೂಲು ದಾಟಿದೆಯೋ ನೋಡಿ ಸ್ವರ ಊಹಿಸಬೇಕು. ಹಾಗಾಗಿ ಎತ್ತರ ಹೇಳುವ, ಕಣ್ಣಿಗೆ ಕಾಣದ ಮೂರು ಕೋಡ್ ಮಾಡಿ, ಪದದ ಮುಂದೆ ಅವುಗಳಲ್ಲಿ ಒಂದನ್ನು ಸೇರಿಸಿದೆ.

ತಮ್ಮನಿಗೆ ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿದರೆ ಬರೀ ಚೌಕ ಡಬ್ಬಿಗಳು, ಅವನ ಹತ್ತಿರ ನನ್ನ ಫಾಂಟ್ ಇಲ್ಲವಲ್ಲ. ಹಳೇ ಕನ್ನಡ ಫಾಂಟ್‌ಗಳ ಕಾಲ ನೆನಪಾಯಿತು. ಈಗ ಫೈಲ್ ಜೊತೆಗೆ ಫಾಂಟು, ಪಿಡಿಎಫ್, ಯಾವ ಕೋಡ್‌ಗೆ ಯಾವ ಗೆರೆ ಅನ್ನೋ ಪಟ್ಟಿ, ಮೂರನ್ನೂ ಒಂದೇ ಫೋಲ್ಡರ್‌ನಲ್ಲಿ ಇಡುತ್ತೇನೆ.